ಓಟು ಹಾಕದವರಿಗೆ ನಮ್ಮತ್ತೆಯ ಮನೆಯಲ್ಲಿ ಕಾಫಿ ಇಲ್ಲ

ನಮ್ಮ ಸೋದರತ್ತೆಯ ಕೈಗೆ ಒಂದೇ ಒಂದು ದಿನದ ಮಟ್ಟಿಗೆ ಈ ದೇಶದ ಅಧಿಕಾರ ಕೊಟ್ಟು ನೋಡಿ. ಮಾರನೆಯ ದಿನ ಅರ್ಧ ಜನ ಜೈಲಿನಲ್ಲಿರುತ್ತಾರೆ, ಉಳಿದ ಅರ್ಧ ಜನ ಮತಗಟ್ಟೆಯ ಮುಂದೆ ಸಾಲಾಗಿ ನಿಂತಿರುತ್ತಾರೆ. ಸಾಲು ಮುರಿದು ನುಗ್ಗುವವರು ಇವೆರಡರಲ್ಲಿ ಯಾವ ಕಡೆಗೆ ಹೋಗುತ್ತಾರೆ ಎಂಬುದನ್ನು ನೀವೇ ಊಹಿಸಿಕೊಳ್ಳಿ!

ಈಕೆ ನನ್ನ ತಂದೆಯ ಕೊನೆಯ ತಂಗಿ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿಗೆ ಹತ್ತಿರದ ನಮ್ಮ ಹಳ್ಳಿಯಲ್ಲೇ ಹುಟ್ಟಿ, ಅದೇ ಹಳ್ಳಿಯ ಇನ್ನೊಂದು ಬೀದಿಗೆ ಮದುವೆಯಾಗಿ ಹೋದವರು. ಬಸ್ಸಿನಲ್ಲಿ ಹೆಂಗಸರು ಟಿಕೆಟ್ ಕೊಡುವುದನ್ನು ಜನ ಬಾಯಿ ತೆರೆದು ನೋಡುತ್ತಿದ್ದ ಕಾಲದಲ್ಲೇ ಸರ್ಕಾರಿ ಬಸ್ಸಿನ ಕಂಡಕ್ಟರ್ ಆದರು. ಮುಳಬಾಗಿಲು, ಶ್ರೀನಿವಾಸಪುರ, ರಾಯಲ್ಪಾಡು ಎಂದು ಅದೇ ರಸ್ತೆಗಳಲ್ಲಿ ಓಡಾಡಿ ಕೆಲವು ವರ್ಷಗಳ ಹಿಂದೆ ನಿವೃತ್ತಿಯಾದರು. ಬಸ್ಸು ಅವರನ್ನು ಬಿಟ್ಟಿತೇ ಹೊರತು ಅವರು ಬಸ್ಸನ್ನು ಬಿಡಲಿಲ್ಲ. ಈಗಲೂ ಮದುವೆಮನೆಯ ಊಟದ ಪಂಕ್ತಿಯಲ್ಲಿ ನಡುವೆ ಒಂದು ಎಲೆ ಖಾಲಿ ಇದ್ದರೆ, "ಮುಂದಕ್ಕೆ ಹೋಗ್ರೀ, ಹಿಂದೆ ಜಾಗ ಬಿಡ್ರೀ" ಎಂದು ಕೂಗಿಬಿಡುತ್ತಾರೆ.

ಟಿಕೆಟ್ಟಿನ ವಿಷಯದಲ್ಲಿ ಅವರಿಗೆ ಅಣ್ಣನಿಲ್ಲ, ತಮ್ಮನಿಲ್ಲ. ಗಂಡನಂತೂ ಇಲ್ಲವೇ ಇಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಮಾವ ಶ್ರೀನಿವಾಸಪುರದಲ್ಲಿ ಅವರ ಬಸ್ಸು ಹತ್ತಿದರಂತೆ. ಹೆಂಡತಿಯ ಬಸ್ಸು, ಇನ್ನೇನು! ಕಿಟಕಿ ಪಕ್ಕದ ಸೀಟು ಹಿಡಿದು, ಅಕ್ಕಪಕ್ಕದವರಿಗೆಲ್ಲ ಕಾಣುವ ಹಾಗೆ ಮುಗುಳ್ನಗುತ್ತಾ ಕುಳಿತಿದ್ದರು. ಅತ್ತೆ ಬಂದು ನಿಂತರು.

"ಎಲ್ಲಿಗೆ?"

"ಮನೆಗೆ" ಎಂದರು ಮಾವ, ಬೇಕೆಂದೇ ನಾಚಿಕೊಂಡು.

"ಮನೆಗೆ ಟಿಕೆಟ್ ಇಲ್ಲ. ರಾಯಲ್ಪಾಡಿಗೆ ಇದೆ. ಚಿಲ್ರೆ ಕೊಡಿ."

ಬಸ್ಸೆಲ್ಲ ನಕ್ಕಿತಂತೆ. ಈ ಕತೆಯನ್ನು ಅತ್ತೆ ಎಂದೂ ಹೇಳಿದವರಲ್ಲ. ಮಾವನೇ ಹೇಳುತ್ತಾರೆ, ಅದೂ ಪದಕ ಗೆದ್ದವರ ಧಾಟಿಯಲ್ಲಿ.

ಇಂಥವರು ನಿವೃತ್ತಿಯಾದ ಮೇಲೆ ಟಿಕೆಟ್ ಇಲ್ಲದವರನ್ನು ಎಲ್ಲಿ ಹುಡುಕಬೇಕು? ಚುನಾವಣೆಯಲ್ಲಿ! ಓಟು ಹಾಕದವನು ಎಂದರೆ ದೇಶದೊಳಗೆ ಟಿಕೆಟ್ ಇಲ್ಲದೆ ಕುಳಿತವನು ಎಂದು ಅವರ ತೀರ್ಮಾನ. ಮನೆಗೆ ಯಾರೇ ಬರಲಿ, ಚಾಪೆ ಹಾಸುವ ಮೊದಲೇ ಪ್ರಶ್ನೆ: "ಹೋದ್ಸಲ ಓಟು ಹಾಕಿದ್ರಾ?" ಹಾಕಿದವರಿಗೆ ಕಾಫಿ. ಹಾಕದವರಿಗೆ ನೀರು. ಸುಳ್ಳು ಹೇಳುವವರು ಕಣ್ಣು ಎಲ್ಲಿ ತಿರುಗಿಸುತ್ತಾರೆ ಎಂಬುದು ಅಷ್ಟು ವರ್ಷ ಬಸ್ಸಿನಲ್ಲಿ ನಿಂತವರಿಗೆ ಗೊತ್ತಿರುವುದಿಲ್ಲವೇ? ನೀರೂ ಸಿಗದೆ ಎದ್ದುಹೋದವರಿದ್ದಾರೆ.

ನಾನೂ ಒಮ್ಮೆ ಸಿಕ್ಕಿಬಿದ್ದೆ. ಕೋಲಾರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು ನಾನು. ಆ ಸಲ ನನ್ನನ್ನು ಮಾಲೂರಿನ ಕಡೆ, ಮಾಸ್ತಿ ಹತ್ತಿರದ ಒಂದು ಮತಗಟ್ಟೆಗೆ ಚುನಾವಣಾ ಕೆಲಸಕ್ಕೆ ಹಾಕಿದ್ದರು. ಅಂಚೆಯಲ್ಲಿ ಓಟು ಹಾಕಲು ಅರ್ಜಿ ಕೊಡಬೇಕಿತ್ತು, ಗಡಿಬಿಡಿಯಲ್ಲಿ ಮರೆತೆ. ಅದು ಅತ್ತೆಯ ಕಿವಿಗೆ ಬಿತ್ತು.

"ಏನ್ಲಾ, ಊರೋರ ಓಟೆಲ್ಲ ಹಾಕ್ಸೋಕೆ ಹೋಗಿ ನಿಂದನ್ನೇ ಮರ್ತು ಬಂದ್ಯಾ?"

ಐದು ವರ್ಷ ನನಗೆ ಆ ಮನೆಯಲ್ಲಿ ಮಜ್ಜಿಗೆ. ನೀರಿಗಿಂತ ಒಂದು ಮೆಟ್ಟಿಲು ಮೇಲೆ ಇಟ್ಟಿದ್ದು ಅಣ್ಣನ ಮಗ ಎಂಬ ರಿಯಾಯಿತಿಯಿಂದ!

ನನ್ನ ತಂಗಿಯನ್ನು ನೋಡಲು ಮಾಲೂರಿನಿಂದ ಗಂಡಿನ ಕಡೆಯವರು ಬಂದ ದಿನದ ಕತೆ ಇನ್ನೂ ಚೆನ್ನಾಗಿದೆ. ಹುಡುಗ ಒಳ್ಳೆಯ ಕೆಲಸದಲ್ಲಿದ್ದ, ನೋಡಲು ಲಕ್ಷಣವಾಗಿದ್ದ. ಉಪ್ಪಿಟ್ಟು, ಕೇಸರಿಬಾತ್ ಮುಗಿದು ಹಿರಿಯರು ಜಾತಕದ ಕಡೆಗೆ ತಿರುಗುತ್ತಿದ್ದರು. ಮೂಲೆಯಲ್ಲಿ ಕುಳಿತಿದ್ದ ಅತ್ತೆ ಬಾಯಿ ಬಿಟ್ಟರು. ನಮ್ಮಪ್ಪ ಕಣ್ಣಿನಲ್ಲೇ ಬೇಡಿಕೊಂಡರು. ಪ್ರಯೋಜನವಾಗಲಿಲ್ಲ.

"ಹೋದ್ಸಲ ಓಟು ಹಾಕಿದ್ರೇನಪ್ಪಾ?"

ಹುಡುಗ ನಕ್ಕ. "ಇಲ್ಲ ಆಂಟಿ, ಮೂರು ದಿನ ಒಟ್ಟಿಗೆ ರಜ ಸಿಕ್ತು. ಫ್ರೆಂಡ್ಸೆಲ್ಲ ಟ್ರಿಪ್ ಹೋಗಿದ್ವಿ."

"ಐದು ವರ್ಷಕ್ಕೊಂದು ದಿನದ ಕೆಲ್ಸ. ಅದಕ್ಕೇ ಟ್ರಿಪ್ ಹೋದೋನು, ದಿನಾ ಇರೋ ಸಂಸಾರದಲ್ಲಿ ಎಷ್ಟು ಟ್ರಿಪ್ ಹೋಗ್ತಾನೋ!"

ಸಂಬಂಧ ಮುರಿದುಬಿತ್ತು. ನಮ್ಮಪ್ಪ ತಂಗಿಯ ಜೊತೆ ಒಂದು ತಿಂಗಳು ಮಾತು ಬಿಟ್ಟರು. ಆದರೆ ನನ್ನ ತಂಗಿ ಅಡುಗೆಮನೆಯಲ್ಲಿ ಅತ್ತೆಯನ್ನು ಅಪ್ಪಿಕೊಂಡು, "ಇವನು ಬೇಡ ಅಂತ ಹೇಗೆ ಹೇಳೋದು ಅಂತ ಮೂರು ದಿನದಿಂದ ಒದ್ದಾಡ್ತಿದ್ದೆ ಅತ್ತೆ" ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಅತ್ತೆಗೂ ನನಗೂ ಈ ವಿಷಯದಲ್ಲಿ ಜಗಳ ನಿತ್ಯದ್ದು. ಓಟು ಹಾಕುವುದು ಹಕ್ಕು, ಹಾಕದಿರುವುದೂ ಒಂದು ಸ್ವಾತಂತ್ರ್ಯ, ಬಲವಂತ ಮಾಡಬಾರದು ಎಂದು ನನ್ನ ವಾದ. ತರಗತಿಯಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅತ್ತೆಯ ಮುಂದೆ ಮಾತ್ರ ನಡೆಯುವುದಿಲ್ಲ.

"ಬಸ್ಸು ಹತ್ತಿದ್ಮೇಲೆ ಟಿಕೆಟ್ ತಗೋಬೇಕೋ ಬೇಡ್ವೋ?"

"ಬಸ್ಸು ಹತ್ತೋದು ನಮ್ಮಿಷ್ಟ ಅತ್ತೆ. ದೇಶದಲ್ಲಿ ಹುಟ್ಟೋದು ನಮ್ಮಿಷ್ಟಾನಾ?"

"ಇಳಿಯೋಕಂತೂ ಆಗಲ್ವಲ್ಲ? ಅಂದ್ಮೇಲೆ ಎಲ್ಲಿಗ್ ಹೋಗ್ಬೇಕು ಅಂತಾದ್ರೂ ಬಾಯ್ ಬಿಟ್ಟು ಹೇಳು!"

"ನಿಂತಿರೋರು ಯಾರೂ ಇಷ್ಟ ಆಗ್ಲಿಲ್ಲ ಅಂದ್ರೆ?"

"ಕೊನೇಲೊಂದು ಗುಂಡಿ ಐತಲ್ಲ, ಇವ್ರ್ಯಾರೂ ಬ್ಯಾಡ ಅಂತ. ಅದನ್ನೊತ್ತು. ಆದ್ರೆ ಬಂದು ಒತ್ತು!"

ನಮ್ಮ ರಾಜ್ಯದಲ್ಲಿ ಪಂಚಾಯಿತಿ ಚುನಾವಣೆಗೆ ಮತದಾನ ಕಡ್ಡಾಯ ಎಂದು ಕಾನೂನೇ ಆಗಿದೆ, ಹಾಕದವರಿಗೆ ಶಿಕ್ಷೆ ಮಾತ್ರ ಇಲ್ಲ ಎಂದು ನಾನೊಮ್ಮೆ ಬಾಯಿ ತಪ್ಪಿ ಹೇಳಿಬಿಟ್ಟೆ. ಮೊದಲರ್ಧ ಕೇಳಿ ಅರಳಿದ ಮುಖ ಎರಡನೆಯ ಅರ್ಧ ಕೇಳಿ ಬಾಡಿತು. "ಚೆಕಿಂಗೇ ಇಲ್ದಿರೋ ರೂಟು ಅನ್ನು" ಎಂದು ಎದ್ದು ಒಳಗೆ ಹೋದರು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ನಮ್ಮ ಕಾಲೇಜಿನಲ್ಲಿ 'ಮತದಾನ ಕಡ್ಡಾಯವಾಗಬೇಕೇ?' ಎಂದು ಚರ್ಚಾಸ್ಪರ್ಧೆ ಏರ್ಪಡಿಸಿದ್ದೆವು. ತೀರ್ಪುಗಾರರಲ್ಲಿ ಒಬ್ಬರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟರು. ಅದೇ ದಿನ ಕೋಲಾರಕ್ಕೆ ಪಿಂಚಣಿಯ ಕೆಲಸಕ್ಕೆ ಬಂದಿದ್ದ ಅತ್ತೆಯನ್ನು ಕೈಹಿಡಿದು ಕರೆತಂದು ವೇದಿಕೆಯ ಮೇಲೆ ಕೂರಿಸಿದೆ. ಒಬ್ಬ ವಿದ್ಯಾರ್ಥಿ ಕಡ್ಡಾಯದ ಪರವಾಗಿ ಎಂಥ ಭಾಷಣ ಮಾಡಿದ ಎಂದರೆ ಮೇಜು ಗುದ್ದಿದ ಏಟಿಗೆ ನೀರಿನ ಲೋಟ ಉರುಳಿತು! ಆಮೇಲೆ ಬಂದ ಹುಡುಗಿ ಮೆಲ್ಲಗಿನ ದನಿಯಲ್ಲಿ, ಬಲವಂತಕ್ಕೆ ಹಾಕಿದ ಓಟಿನಲ್ಲಿ ಮನಸ್ಸಿರುವುದಿಲ್ಲ ಎಂದು ವಾದಿಸಿದಳು. ಅವಳ ಕತೆ ಮುಗಿಯಿತು ಎಂದುಕೊಂಡೆ. ತೀರ್ಪಿಗೆ ಮೊದಲು ಅತ್ತೆ ಮೈಕು ಎಳೆದುಕೊಂಡು ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಹೆಸ್ರು ಮತದಾರರ ಪಟ್ಟಿಲಿದ್ಯಾ?"

ಹುಡುಗಿಯದು ಇತ್ತು. ಮೇಜು ಗುದ್ದಿದವನು ಇನ್ನೂ ಅರ್ಜಿಯನ್ನೇ ಹಾಕಿರಲಿಲ್ಲ! ಮೊದಲ ಬಹುಮಾನ ಹುಡುಗಿಗೆ ಹೋಯಿತು.

"ಅಲ್ಲ ಅತ್ತೆ, ಅವಳು ನಿಮ್ಮ ವಿರುದ್ಧ ಮಾತಾಡಿದ್ಳಲ್ಲ?" ಎಂದೆ, ಬಸ್ ನಿಲ್ದಾಣಕ್ಕೆ ಬಿಡಲು ಹೋದಾಗ.

"ಆಡ್ಲಿ ಬಿಡೋ. ಟಿಕೆಟ್ ತಗೊಂಡು ಜಗಳ ಆಡ್ತಾ ಅವ್ಳೆ. ಅಂಥೋರು ಎಷ್ಟು ಜಗಳ ಆಡಿದ್ರೂ ಇಳಿಸಂಗಿಲ್ಲ."

ಈಗ ಹೇಳಿ, ಇಂಥ ಹೆಂಗಸಿನ ಗಂಡ ಎಷ್ಟು ಸಲ ಓಟು ಹಾಕಿರಬೇಕು?

ಎರಡು ಚುನಾವಣೆಗಳಿಂದ ಅವರು ಮತಗಟ್ಟೆಯ ಕಡೆಗೆ ತಲೆ ಹಾಕಿರಲಿಲ್ಲ!

ಮೊದಲೆಲ್ಲ ಹಾಕುತ್ತಿದ್ದವರೇ. ಅತ್ತೆಯದು ಒಂದು ಪಕ್ಷ, ಮಾವನದು ಅದಕ್ಕೆ ನೇರ ಎದುರಿನದು. ಚುನಾವಣೆ ಬಂತೆಂದರೆ ಆ ಮನೆಯಲ್ಲಿ ತಟ್ಟೆ ಲೋಟಗಳಿಗೂ ಪಕ್ಷ ಬರುತ್ತಿತ್ತು. ಇಬ್ಬರೂ ಜೊತೆಯಲ್ಲೇ ಹೋಗಿ, ಒಬ್ಬರ ಓಟನ್ನು ಇನ್ನೊಬ್ಬರು ಹೊಡೆದುಹಾಕಿ, ಜೊತೆಯಲ್ಲೇ ವಾಪಸಾಗುತ್ತಿದ್ದರು. ಅಂಥ ಮಾವ ಇದ್ದಕ್ಕಿದ್ದಂತೆ ನಿಂತುಬಿಟ್ಟರು. ಒಂದು ಸಲ ಹಿಂದಿನ ದಿನವೇ ಮದನಪಲ್ಲಿಯ ನೆಂಟರ ಮನೆಗೆ ಹೊರಟುಹೋದರು. ಇನ್ನೊಂದು ಸಲ ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಟ್ಟೆನೋವು, ಆರು ಗಂಟೆಗೆ ಸರಿಯಾಗಿ ವಾಸಿ. ಅತ್ತೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕಾಫಿ ನಿಂತಿತು. ಗಂಡನೆಂದು ಮಜ್ಜಿಗೆಯನ್ನೂ ಕೊಡಲಿಲ್ಲ, ಬರೀ ನೀರು! ಮಾವ ಅದನ್ನೇ ಕುಡಿದರು.

ಊರಿನವರಿಗೆ ಇಷ್ಟು ಸಾಲದೇ? ಕಳೆದ ಸಲದ ಚುನಾವಣೆಯ ಬೆಳಿಗ್ಗೆ ನಾನು ಮೊದಲ ಬಸ್ಸಿಗೇ ಊರಿಗೆ ಬಂದೆ. ನನ್ನ ಓಟು ಇನ್ನೂ ಅಲ್ಲೇ ಇದೆ. ಮಜ್ಜಿಗೆಯಿಂದ ಕಾಫಿಗೆ ಬಡ್ತಿ ಪಡೆಯುವ ಆಸೆಯೂ ಇತ್ತೆನ್ನಿ. ಮತಗಟ್ಟೆಯಾಗಿದ್ದ ಶಾಲೆಯಿಂದ ದೂರದಲ್ಲಿ, ಚೌಡಪ್ಪನ ಟೀ ಅಂಗಡಿಯ ಪಕ್ಕದಲ್ಲಿ ಅತ್ತೆ ಮತದಾರರ ಪಟ್ಟಿ, ಪೆನ್ಸಿಲ್ ಹಿಡಿದು ಆಗಲೇ ಕುರ್ಚಿ ಹಾಕಿ ಕುಳಿತಿದ್ದರು. ಒಬ್ಬೊಬ್ಬರು ಹಾಕಿ ಬಂದ ಹಾಗೆ ಹೆಸರಿನ ಮೇಲೆ ಗೆರೆ. ಯಾರಿಗೆ ಹಾಕಿ ಎಂದು ತಪ್ಪಿಯೂ ಹೇಳುವವರಲ್ಲ. ಹಾಗಾಗಿ ಎರಡೂ ಪಕ್ಷದವರು ಈಕೆ ಎದುರು ಪಕ್ಷದವಳಿರಬೇಕು ಎಂದು ಅನುಮಾನದಿಂದಲೇ ನೋಡುತ್ತಿದ್ದರು.

"ಅಲ್ಲಕ್ಕಾ," ಎಂದ ಚೌಡಪ್ಪ, ಟೀ ಸೋಸುತ್ತಾ. "ಊರೋರ ಟಿಕೆಟ್ಟೆಲ್ಲ ಚೆಕ್ ಮಾಡ್ತೀಯ. ನಿಮ್ಮನೇಲೇ ಒಬ್ರು ಎರಡು ಸಲದಿಂದ ಟಿಕೆಟ್ ಇಲ್ದೆ ಕೂತವ್ರಲ್ಲ?"

ಕುಳಿತಿದ್ದವರೆಲ್ಲ ಲೋಟದೊಳಗೆ ನಕ್ಕರು. ಅತ್ತೆ ಎದ್ದು ನಿಂತರು.

"ಇವತ್ತು ಆರು ಗಂಟೆಯೊಳ್ಗೆ ಅವ್ರು ಬಂದು ಓಟು ಹಾಕ್ಲಿಲ್ಲ ಅಂದ್ರೆ, ಇನ್ಮೇಲೆ ನಾನು ಯಾರನ್ನೂ ಕೇಳಲ್ಲ. ಓಟಿನ ಮಾತೇ ಎತ್ತಲ್ಲ. ಎಲ್ರೂ ಕೇಳಿಸ್ಕೊಂಡ್ರಾ?"

ಎಲ್ಲರೂ ಕೇಳಿಸಿಕೊಂಡರು. ಕೆಲವರ ಮುಖದಲ್ಲಿ ಬಿಡುಗಡೆಯ ಆಸೆಯೂ ಮೂಡಿತು!

ಆಮೇಲೆ ನಡೆದದ್ದು ದಂಡಯಾತ್ರೆ. ಮಾವು ಕೀಳುವವರನ್ನು ತುಂಬಿಕೊಂಡು ತೋಟಕ್ಕೆ ಹೊರಟಿದ್ದ ಟ್ರ್ಯಾಕ್ಟರಿಗೆ ಅಡ್ಡ ನಿಂತರು. ಇಪ್ಪತ್ತು ಜನರಿದ್ದರು, ಹೆಚ್ಚಿನವರು ತೆಲುಗು ಮಾತಿನವರು.

"ಅಂದರೂ ದಿಗಂಡಿ! ಓಟೇಸಿ ಪೋಂಡಿ!" ಎಲ್ಲರೂ ಇಳಿದು ಓಟು ಹಾಕಿ ಹೋಗಿ ಎಂದು ಅವರ ಮಾತಿನಲ್ಲೇ ಅಪ್ಪಣೆ.

"ಅಮ್ಮಾ, ಹೊತ್ತಾದ್ರೆ ಕಾಯಿ ಮಂಡಿಗೆ ಹೋಗಲ್ಲ" ಎಂದು ಡ್ರೈವರ್ ಗೋಗರೆದ.

"ಕಾಯಿ ಇವತ್ತಲ್ಲ ನಾಳೆ ಕೀಳ್ಬೋದು ಕಣಪ್ಪಾ. ಶಾಸಕನ್ನ ಕೀಳ್ಬೇಕು ಅಂದ್ರೆ ಐದು ವರ್ಷ ಕಾಯ್ಬೇಕು!"

ಟ್ರ್ಯಾಕ್ಟರಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕು ಇಳಿದರು. ಡ್ರೈವರೂ ಇಳಿದ. ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಇಬ್ಬರು ಹುಡುಗಿಯರನ್ನು ಎಬ್ಬಿಸಿ, ಕಣ್ಣಿಗೆ ನೀರು ಹಾಕಿಸಿ ಕಳಿಸಿದರು. ಅವರಲ್ಲೊಬ್ಬಳು ಹೊರಗೆ ಬಂದು, "ಅತ್ತೇ, ನಾನು ಹಾಕಿದ್ನಾ?" ಎಂದು ಕೇಳಿದ್ದು ಇಂದಿಗೂ ಊರಿನ ನಗೆಚಾಟಿಕೆ.

ಸಂಜೆ ಐದೂಕಾಲಿಗೆ ಪಟ್ಟಿಯ ತುಂಬ ಗೆರೆ. ಮುಂಬೈಯಲ್ಲಿರುವ ಇಬ್ಬರನ್ನು, ಆಸ್ಪತ್ರೆಯಲ್ಲಿದ್ದ ಒಬ್ಬ ಬಾಣಂತಿಯನ್ನು ಬಿಟ್ಟರೆ ಊರಿಗೆ ಊರೇ ಓಟು ಹಾಕಿತ್ತು. ಊರಿನಲ್ಲಿದ್ದೂ ಗೆರೆ ಬೀಳದೆ ಉಳಿದ ಒಂದೇ ಹೆಸರು ಅತ್ತೆಯ ಹೆಸರಿನ ಪಕ್ಕದಲ್ಲೇ ಇತ್ತು. ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಬಾರೋ, ನೀನೂ ಸಾಕ್ಷಿಗಿರು" ಎಂದು ನನ್ನನ್ನು ಎಳೆದುಕೊಂಡು ಮನೆಗೆ ನಡೆದರು.

ಮಾವ ಹಿತ್ತಲಿನಲ್ಲಿ ಹಸುವಿನ ಬೆನ್ನು ನೇವರಿಸುತ್ತಾ ನಿಂತಿದ್ದರು.

"ನಡೀರಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳೋದು ನನ್ನ ಕೆಲ್ಸ. ನಡೀರಿ ಅಂದ್ನಲ್ಲ."

"ನಾನು ಬರಲ್ಲ ಕಣೇ. ಕಾಲುನೋವು."

"ಬೆಳಿಗ್ಗೆ ಕೆರೆಗಂಟ ಹೋಗಿ ಬಂದ್ರಿ. ಯಾವ ಕಾಲು?"

ಮಾವ ನಗಲು ನೋಡಿದರು, ಆಗಲಿಲ್ಲ. ಅತ್ತೆ ಶುರುಮಾಡಿದರು ನೋಡಿ! ಹುಟ್ಟಿದ ನೆಲದ ಋಣ, ಓಟಿಲ್ಲದ ಕಾಲದಲ್ಲಿ ಬಾಳಿದ ಹಿರಿಯರು, ಚೌಡಪ್ಪನ ಅಂಗಡಿಯಲ್ಲಿ ಕಳೆದ ಮಾನ, ಎಲ್ಲವೂ ಬಂದವು. ಕಡೆಗೆ, "ಕಾನೂನು ಬರ್ಬೇಕು ಕಣೋ, ಇಂಥೋರ್ನ ಎಳ್ಕೊಂಡು ಹೋಗೋ ಕಾನೂನು ಬರ್ಬೇಕು" ಎಂದು ನನ್ನ ಕಡೆ ತಿರುಗಿದಾಗ, ಮಾವ ಹಸುವಿನ ಬೆನ್ನಿನ ಮೇಲಿಂದ ಕೈ ತೆಗೆದರು.

"ಕಾಣಲ್ಲ ಕಣೇ" ಎಂದರು.

"ಏನು ಕಾಣಲ್ಲ?"

"ಕಣ್ಣು. ನಡೂ ಮಧ್ಯೆ ಹೊಗೆ ಹಿಡ್ದಂಗಿರ್ತದೆ. ಅಂಚಲ್ಲೆಲ್ಲ ಕಾಣ್ತದೆ, ನೆಟ್ಟಗೆ ನೋಡಿದ್ದು ಮಾತ್ರ ಕಾಣಲ್ಲ. ಆವಾಗ ರಾಯಲ್ಪಾಡಲ್ಲಿ ಕಣ್ಣಿನ ಕ್ಯಾಂಪ್ ಹಾಕಿದ್ರಲ್ಲ, ತೋರ್ಸಿದ್ದೆ. ಹೋಗಿರೋದು ವಾಪಸ್ ಬರಲ್ಲ ಅಂದ್ರು."

ಮಾವ ನಿಧಾನವಾಗಿ ಹೇಳಿದರು. ಕೊನೆಯ ಸಲ ಓಟು ಹಾಕಲು ಹೋದಾಗ, ರಟ್ಟಿನ ಮರೆಯ ಹಿಂದೆ ನಿಂತು ಎಷ್ಟು ಬಗ್ಗಿ ನೋಡಿದರೂ ಒಂದು ಗುರುತೂ ಕಾಣಲಿಲ್ಲವಂತೆ. ಹಿಂದೆ ಜನ ಕಾಯುತ್ತಿದ್ದಾರೆಂಬ ಅವಸರದಲ್ಲಿ ಬೆರಳಿಗೆ ಸಿಕ್ಕಿದ್ದನ್ನು ಒತ್ತಿ ಬಂದರಂತೆ.

"ಯಾರಿಗೆ ಹಾಕ್ದೆ ಅಂತ ನಂಗೇ ಗೊತ್ತಿಲ್ಲ. ಅದೂ ಒಂದು ಓಟಾ? ನೀನು ಅಷ್ಟು ನಿಯತ್ತಾಗಿ ಊರೋರ್ನೆಲ್ಲ ಕರೀತಿದ್ದೆ. ನಾನು ಹಂಗೆ ಸುಮ್ಸುಮ್ನೆ ಒತ್ತಿ ಬರೋದು ಸರಿ ಅನ್ನಿಸ್ಲಿಲ್ಲ. ಅದಕ್ಕೇ ಹೋಗೋದು ಬಿಟ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತಿಂದ ನನ್ನ ಕೈ ಹಿಡ್ಕೊಂಡೇ ಓಡಾಡ್ತೀಯ. ನಿಂಗೆ ಇನ್ನೇನು ಕೆಲ್ಸ ಮಾಡೋಕಾಗ್ತದೆ?"

ಆಗ ನನಗೆ ಒಂದೊಂದೇ ಹೊಳೆಯಿತು. ಪೇಪರ್ ಹಿಡಿದು ಕುಳಿತ ಮಾವ ಅರ್ಧ ಗಂಟೆಯಾದರೂ ಪುಟ ತಿರುಗಿಸದೆ ಇದ್ದದ್ದು. ನಾನು ಬಾಯಿ ಬಿಡುವವರೆಗೆ ಯಾರೆಂದು ತಿಳಿಯದವರಂತೆ ನಿಂತು, ಆಮೇಲೆ "ಓ, ಬಾರಪ್ಪಾ" ಎನ್ನುತ್ತಿದ್ದದ್ದು. ಅತ್ತೆಗೂ ಅವೇ ಹೊಳೆದಿರಬೇಕು. ಸುಳ್ಳು ಹೇಳುವವರ ಕಣ್ಣನ್ನು ಬಸ್ಸಿನ ಆ ತುದಿಯಿಂದಲೇ ಹಿಡಿಯುತ್ತಿದ್ದವರು ಪಕ್ಕದಲ್ಲೇ ಇದ್ದ ಕಣ್ಣುಗಳನ್ನು ನೋಡಿರಲಿಲ್ಲ. ಅವರು ಅತ್ತದ್ದನ್ನು ನಾನು ಅಂದು ಮೊದಲ ಸಲ ಕಂಡೆ. ಅದೂ ಎಷ್ಟು ಹೊತ್ತು? ಸೆರಗಿನಲ್ಲಿ ಮೂಗೊರೆಸಿಕೊಂಡು, "ಇವ್ರಿಗೆ ನಾನು ಎರಡು ಸಲಕ್ಕೂ ನೀರು ಕೊಟ್ನಲ್ಲೋ" ಎಂದರು.

ಇಷ್ಟು ವರ್ಷ ಓದಿದ ರಾಜ್ಯಶಾಸ್ತ್ರ ಅಂದು ಮೊದಲ ಬಾರಿಗೆ ನನ್ನ ಮನೆಯವರ ಕೆಲಸಕ್ಕೆ ಬಂತು!

"ಅತ್ತೆ, ಕಣ್ಣು ಕಾಣದೋರು ಜೊತೆಗೊಬ್ರನ್ನ ಕರ್ಕೊಂಡು ಹೋಗ್ಬೋದು. ಅವ್ರು ಹೇಳಿದ್ದನ್ನ ಜೊತೇಲಿರೋರು ಒತ್ತಬೋದು. ಕಾನೂನೇ ಇದೆ. ಮಾವ, ನಾನು ಬರ್ತೀನಿ ನಡೀರಿ."

ಮಾವ ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಂಡರು. ಆಮೇಲೆ, "ನೀನು ಬ್ಯಾಡ ಬಿಡಪ್ಪಾ. ಇವ್ಳು ಬರ್ಲಿ" ಎಂದರು.

ಆಗಲೇ ಐದೂಮುಕ್ಕಾಲು. ನಾವು ಮೂವರೂ ಬೀದಿಗಿಳಿದಾಗ, ತೋಟದಿಂದ ವಾಪಸಾಗುತ್ತಿದ್ದ ಬೆಳಗಿನ ಟ್ರ್ಯಾಕ್ಟರ್ ಎದುರಾಯಿತು. ಡ್ರೈವರ್ ಅತ್ತೆಯನ್ನು ಕಂಡು ಬೆಚ್ಚಿ, "ಹಾಕಿದೀನಮ್ಮಾ, ಬೆಳಿಗ್ಗೇನೇ ಹಾಕ್ದೆ!" ಎಂದು ಕೂಗಿದ. ಅತ್ತೆ ಮಾವನನ್ನು ಮಾವಿನಕಾಯಿಯ ಕ್ರೇಟುಗಳ ನಡುವೆ ಹತ್ತಿಸಿ ತಾವೂ ಹತ್ತಿದರು. ನಾನು ಹಿಂದೆ ಓಡಿದೆ. ನನ್ನ ಹಿಂದೆ ಬೀದಿಯ ಅರ್ಧ ಜನ ಓಡಿತು. ಚೌಡಪ್ಪ ಹಾಲು ಉಕ್ಕುವುದನ್ನೂ ಲೆಕ್ಕಿಸದೆ ರಸ್ತೆಗೆ ಬಂದು ನಿಂತ. ಆರು ಹೊಡೆಯಲು ಏಳು ನಿಮಿಷ ಇರುವಾಗ ಇಬ್ಬರೂ ಶಾಲೆಯ ಬಾಗಿಲು ದಾಟಿದರು.

ಒಳಗೆ ನಡೆದದ್ದನ್ನು ಮಾವನ ಪಕ್ಷದ ಏಜೆಂಟನಾಗಿ ಕುಳಿತಿದ್ದ ಹುಡುಗ ಆಮೇಲೆ ಊರಿಗೆಲ್ಲ ಹೇಳಿದ. ಮತಗಟ್ಟೆಯ ಅಧಿಕಾರಿ ಯಾವುದೋ ಊರಿನ ಮೇಷ್ಟರು, ತಕರಾರಿಲ್ಲದೆ ಒಪ್ಪಿದರಂತೆ. ಎದ್ದು ನಿಂತವನು ಇವನೇ.

"ಸಾರ್, ಇದಾಗಲ್ಲ! ಇವಮ್ಮ ನಮ್ಮ ಪಾರ್ಟಿ ಅಲ್ಲ. ನಮ್ಗೆ ಮೊದ್ಲಿಂದ್ಲೂ ಅನುಮಾನ ಇತ್ತು. ನಮ್ಮ ಓಟನ್ನ ತನ್ನ ಕಡೆಗೆ ಒತ್ಬುಟ್ರೆ?"

ಅತ್ತೆ ಬಾಯಿ ತೆರೆಯುವ ಮೊದಲೇ ಮಾವ ಮಾತಾಡಿದರಂತೆ. ಮೆಲುದನಿಯ ಆ ಮನುಷ್ಯ ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಕೂತ್ಕೊಳೋ. ಇವ್ಳು ಕಂಡಕ್ಟರ್. ನಾನು ಎಲ್ಲಿಗೆ ಅಂತೀನೋ ಅಲ್ಲಿಗೇ ಟಿಕೆಟ್ ಕೊಡ್ತಾಳೆ. ತಾನು ಎಲ್ಲಿಗೆ ಹೋಗ್ತಾಳೋ ಅಲ್ಲಿಗಲ್ಲ."

ಹುಡುಗ ಕುಳಿತ. ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬ ಕಾಗದಕ್ಕೆ ಅತ್ತೆ ಸಹಿ ಹಾಕಿದರು. ಇಬ್ಬರೂ ಆ ರಟ್ಟಿನ ಮರೆಯ ಹಿಂದೆ ತಲೆ ತಗ್ಗಿಸಿದರು. ಮಾವ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಯಂತ್ರದ ಕೂಗು ಹೊರಗೆ ನಿಂತ ನಮಗೆಲ್ಲ ಕೇಳಿಸಿತು, ಎಷ್ಟು ಉದ್ದಕ್ಕೆ ಕೂಗಿತು ಅಂತೀರಿ!

ಯಾರಿಗೆ ಹಾಕಿದರು ಎಂಬುದನ್ನು ಅತ್ತೆ ಇದುವರೆಗೆ ಬಾಯಿ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಆದರೆ ಮಾವನ ತೋಳು ಹಿಡಿದು ಹೊರಗೆ ಬಂದಾಗ ಅವರ ಮುಖ ಹಸಿ ಹಾಗಲಕಾಯಿ ಜಗಿದವರ ಹಾಗಿತ್ತು! ಮಾವನ ಮುಖವೋ, ಹಬ್ಬ! ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು?

ಗೇಟಿನ ಹೊರಗೆ ಕಾದಿದ್ದವರೆಲ್ಲ ಹೋ ಎಂದು ಕೂಗಿದರು. ಟ್ರ್ಯಾಕ್ಟರಿನ ಡ್ರೈವರ್ ಹಾರನ್ ಒತ್ತಿದ. ಚೌಡಪ್ಪ, "ಸೋತೆ ಕಣಕ್ಕಾ, ಸೋತೆ" ಎಂದು ಎರಡೂ ಕೈ ಜೋಡಿಸಿದ. ಅತ್ತೆ ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು, ಕೊನೆಯ ಹೆಸರಿನ ಮೇಲೆ ಗೆರೆ ಎಳೆದು, ಪಟ್ಟಿಯನ್ನು ಮಡಚಿ ನನ್ನ ಕೈಗಿಟ್ಟರು.

"ಈಗ್ಲೂ ಹೇಳ್ತೀನಿ ಕಣೋ, ಕಡ್ಡಾಯ ಮಾಡ್ಬೇಕು. ಆದ್ರೆ ಅದಕ್ಕೂ ಮೊದ್ಲು, ಬರ್ದೇ ಇರೋನ ಮನೆಗೋಗಿ ಯಾಕಪ್ಪಾ ಬರ್ಲಿಲ್ಲ ಅಂತ ಕೂತ್ಕೊಂಡು ಕೇಳೋದನ್ನ ಕಡ್ಡಾಯ ಮಾಡ್ಬೇಕು."

ನಾನು ಆ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೆ.

ಮನೆಗೆ ಬಂದ ಮೇಲೆ ಇಬ್ಬರೂ ಜಗಲಿಯ ಮೇಲೆ ಕುಳಿತರು. ಬೆಳಕು ಇನ್ನೂ ಇತ್ತು. ಅತ್ತೆ ಎರಡು ಕೈಗಳನ್ನೂ ಮುಂದೆ ಚಾಚಿದಾಗ ನಾನು ಗಮನಿಸಿದೆ. ಎಡಗೈಯ ತೋರುಬೆರಳಿನಲ್ಲಿ ಬೆಳಿಗ್ಗೆಯ ಶಾಯಿ. ಜೊತೆಗಾರರಾಗಿ ಹೋದವರಿಗೆ ಬಲಗೈಗೆ ಹಚ್ಚುತ್ತಾರಲ್ಲ, ಬಲಗೈಯ ತೋರುಬೆರಳಿನಲ್ಲಿ ಇನ್ನೂ ಹಸಿ ಹಸಿಯಾಗಿ ಮತ್ತೊಂದು ಗೆರೆ.

"ನೋಡ್ರಿ ಇಲ್ಲಿ. ಇದು ನಂದು. ಇದು ನಿಮ್ದು."

ಮಾವ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಕೊಂಡರು. ಮುನಿಸಿಕೊಂಡವರಂತೆ ಕಂಡಿತು. ಅಲ್ಲ. ನೆಟ್ಟಗೆ ನೋಡಿದರೆ ಕಾಣುವುದಿಲ್ಲವಲ್ಲ! ಹಾಗೆ ಬೀದಿಯ ಕಡೆ ತಿರುಗಿ ಕುಳಿತೇ, ಕಣ್ಣಿನ ಅಂಚಿನಲ್ಲಿ ಹೆಂಡತಿಯ ಬಲಗೈ ಬೆರಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಇನ್ನೂ ಸ್ವಲ್ಪ ತಿರುಗಿ, ಅವರ ಮುಖವನ್ನು ನೋಡಿದರು.